ಗುಡ್ಡದ ಮೇಲಿನ ಹಿರಿಮನೆ

ಬೆಳಗಿನ ಹಾವೇರಿ–ಧಾರವಾಡ ಬಸ್ಸು. ಕಂಡಕ್ಟರ್ ನನಗೆ ದುಡ್ಡಿನ ಟಿಕೆಟ್ ಕೊಟ್ಟ, ಪಕ್ಕದಲ್ಲಿ ಕೂತ ತಂಗಿಯ ಮಗಳಿಗೆ ಜೀರೋ ಟಿಕೆಟ್. ಅವಳು ಅದನ್ನು ಮಡಚಿ ಫೈಲಿನೊಳಗೆ ಇಟ್ಟುಕೊಂಡಳು. ಆ ಫೈಲಿನಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿ.ಸಿ., ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಒಂದೊಂದರದ್ದೂ ಮೂರು ಮೂರು ಜೆರಾಕ್ಸ್ ಇದ್ದವು. ನನ್ನ ಕಾಲ ಬುಡದಲ್ಲಿ ಅವಳ ಬ್ಯಾಗು. ಬ್ಯಾಗಿನ ಮೇಲೆ ನಮ್ಮ ತಂಗಿ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು. ರೊಟ್ಟಿ ಮುರಿದೀತು ಅಂತ ನಾನು ನೂರು ಕಿಲೋಮೀಟರ್ ದಾರಿ ಕಾಲು ಚಾಚದೆ ಕೂತೆ.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸಸ್ಯಶಾಸ್ತ್ರಕ್ಕೆ ಅವಳಿಗೆ ಸೀಟು ಸಿಕ್ಕಿತ್ತು. ಮೊದಲ ಸೆಮಿಸ್ಟರ್ ಆ ವಾರ ಶುರುವಾಗುವುದಿತ್ತು. ನಾನೂ ಅದೇ ಗುಡ್ಡದ ಮೇಲೆ 1990ರ ದಶಕದ ಮೊದಲಿಗೆ ಎಂ.ಎ. ಮಾಡಿದವನು. ಹಾಗಾಗಿ ಬಿಟ್ಟು ಬರುವ ಕೆಲಸ ಮನೆಯವರೆಲ್ಲ ಸೇರಿ ನನ್ನ ಹೆಗಲಿಗೆ ಹಾಕಿದರು. ನಿಜ ಹೇಳಬೇಕೆಂದರೆ ಯಾರೂ ಹೇಳದಿದ್ದರೂ ನಾನು ಹೋಗುತ್ತಿದ್ದೆ.

ಹೊರಡುವ ಮುಂಚೆ ಮನೆಯಲ್ಲಿ ಒಂದು ವಾರ ವಾದ ನಡೆದಿತ್ತು. ಈಗ ಹಾವೇರಿಗೇ ಒಂದು ವಿಶ್ವವಿದ್ಯಾಲಯ ಬಂದಿದೆ. ಕೆರಿಮತ್ತಿಹಳ್ಳಿಯಲ್ಲಿ ಮೊದಲು ಧಾರವಾಡದವರ ಸ್ನಾತಕೋತ್ತರ ಕೇಂದ್ರವಿತ್ತು. ಅದೇ ಈಗ ಹಾವೇರಿ ವಿಶ್ವವಿದ್ಯಾಲಯ. ಮನೆಯ ಹತ್ತಿರ ಬಿಟ್ಟು ಅಷ್ಟು ದೂರ ಯಾಕೆ ಅಂತ ನಮ್ಮ ಭಾವನವರ ಪ್ರಶ್ನೆ. ನಾನೂ ಬಸ್ಸಿನಲ್ಲಿ ಕೇಳಿದೆ.

"ಹಾವೇರ್ಯಾಗ ಕಲತ್ರ ಏನಾಗತೈತಿ ಗೊತ್ತೇನು ಮಾಮಾ? ರವಿವಾರ ಬಂತಂದ್ರ ಯಾರರ ನೋಡಾಕ ಬರ್ತಾರ. ಧಾರವಾಡದಾಗಿದ್ರ, ಇಂಟರ್ನಲ್ಸ್ ಅದಾವು, ಬರಾಕ ಆಗೂದಿಲ್ಲ ಅಂತ ಹೇಳಬೌದು."

ನಾನು ಲ್ಯಾಬು, ಲೈಬ್ರರಿ, ಬಟಾನಿಕಲ್ ಗಾರ್ಡನ್ ಅಂತ ಏನೇನೋ ಕಾರಣ ಊಹಿಸಿದ್ದೆ. ಅವಳ ಲೆಕ್ಕ ಬೇರೆಯೇ ಇತ್ತು. ಆದರೆ ಇದು ಸಣ್ಣ ಕಾರಣವೇನಲ್ಲ. ಎರಡು ವರ್ಷ, ನಾಲ್ಕು ಸೆಮಿಸ್ಟರ್, ತನ್ನ ಭಾನುವಾರ ತನ್ನದು. ನಮ್ಮ ಕಡೆಯ ಎಷ್ಟು ಹುಡುಗಿಯರಿಗೆ ವಿಶ್ವವಿದ್ಯಾಲಯ ಕೊಟ್ಟ ಮೊದಲ ವಸ್ತು ಪದವಿಯಲ್ಲ, ಈ ದೂರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ದೂರಕ್ಕೆ ಬಸ್ ಚಾರ್ಜೂ ಇಲ್ಲ. ವಿಶ್ವವಿದ್ಯಾಲಯಗಳ ಪ್ರಗತಿ ವರದಿಯಲ್ಲಿ ಈ ಜೀರೋ ಟಿಕೆಟ್ಟಿಗೆ ಒಂದು ಸಾಲು ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಅವಳ ತಮ್ಮನ ಮಾತೂ ಬಂತು. ಇವಳು ಡಿಗ್ರಿಗೆ ಸೇರಿದ್ದು 2022ರಲ್ಲಿ, ಹೊಸ ಶಿಕ್ಷಣ ನೀತಿಯ ಕಾಲ. ಮೂರು ವರ್ಷ ಮುಗಿಸಿ ನಿಲ್ಲಬಹುದು, ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಡಿಜಿಟಲ್ ಫ್ಲೂಯೆನ್ಸಿ ಅಂತ ಒಂದು ವಿಷಯ, ಓಪನ್ ಎಲೆಕ್ಟಿವ್ ಅಂತ ಇನ್ನೊಂದು. ತಮ್ಮ ಸೇರಿದ್ದು 2024ರಲ್ಲಿ. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಅವರ ಆಯೋಗದ ಮಧ್ಯಂತರ ವರದಿಯಂತೆ ಮತ್ತೆ ಮೂರು ವರ್ಷದ ಡಿಗ್ರಿ, ಹೊಸ ಸಿಲಬಸ್. ಒಂದೇ ಮನೆ, ಒಂದೇ ಕಾಲೇಜು, ಅಕ್ಕನ ನೋಟ್ಸು ತಮ್ಮನಿಗೆ ಬರಲಿಲ್ಲ. ನಮ್ಮ ಕಾಲದಲ್ಲಿ ಅಣ್ಣನ ಪುಸ್ತಕ ತಮ್ಮನಿಗೆ, ತಮ್ಮನದು ಪಕ್ಕದ ಮನೆಯವನಿಗೆ ಅಂತ ಒಂದೊಂದು ಪುಸ್ತಕ ಆರೇಳು ಜನರನ್ನು ಪಾಸು ಮಾಡಿಸುತ್ತಿತ್ತು. ಯಾವ ನೀತಿ ಸರಿ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಒಂದು ಬ್ಯಾಚು ಪೂರ್ತಿ ಹೊರಬೀಳುವ ಮುಂಚೆಯೇ ಎರಡೂ ಕಡೆಯವರು ಅದು ಗೆದ್ದಿತು, ಸೋತಿತು ಅಂತ ತೀರ್ಪು ಕೊಟ್ಟಿದ್ದರು. ಅಷ್ಟು ಮಾತ್ರ ಹೇಳಬಲ್ಲೆ.

ಧಾರವಾಡದಲ್ಲಿ ಜಿಟಿಜಿಟಿ ಮಳೆ. ಈ ಊರಿಗೆ ಮಳೆಯಿಲ್ಲದ ದಿನ ಬಂದರೆ ಏನೋ ಕಳೆದುಕೊಂಡ ಹಾಗೆ ನನಗೆ. ಸಿಟಿ ಬಸ್ಸು ಗುಡ್ಡ ಏರಿತು. ಛೋಟಾ ಮಹಾಬಳೇಶ್ವರ ಅನ್ನುವ ಆ ಗುಡ್ಡದ ಮೇಲೆ ಆಡಳಿತದ ದೊಡ್ಡ ಕಟ್ಟಡ ಮಳೆಯಲ್ಲಿ ನಿಂತಿತ್ತು. ಹುಡುಗಿ ಕಿಟಕಿಗೆ ಮುಖ ಒತ್ತಿ ನೋಡಿದಳು. ಮೂವತ್ತು ವರ್ಷದ ಹಿಂದೆ ನಾನೂ ಹೀಗೆಯೇ ನೋಡಿದ್ದೆ. ಇಷ್ಟು ದೊಡ್ಡದನ್ನು ನಮ್ಮಂಥವರಿಗಾಗಿ ಯಾರು ಕಟ್ಟಿದರಪ್ಪ ಅಂತ.

ಕಟ್ಟಿಸಿದವರ ಹೆಸರು ವಿಳಾಸದಲ್ಲೇ ಇದೆ. ಪಾವಟೆ ನಗರ. ಡಿ.ಸಿ. ಪಾವಟೆ ಗೋಕಾಕ ಕಡೆಯ ಮಮದಾಪುರದ ಹುಡುಗ. ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿ, ಮೊದಲ ದರ್ಜೆಯಲ್ಲಿ ಪಾಸಾಗಿ ರ‍್ಯಾಂಗ್ಲರ್ ಆದವರು, ಮುಂಬೈ ಪ್ರಾಂತದ ಶಿಕ್ಷಣ ನಿರ್ದೇಶಕರಾಗಿದ್ದವರು. 1954ರಿಂದ 1967ರ ತನಕ, ಹದಿಮೂರು ವರ್ಷ ಇಲ್ಲಿ ಕುಲಪತಿ. ಆಮೇಲೆ ಪಂಜಾಬಿನ ರಾಜ್ಯಪಾಲರಾಗಿ ಹೋದರು. ಈಗ ಕಾಯ್ದೆಯಂತೆ ಕುಲಪತಿಗೆ ನಾಲ್ಕು ವರ್ಷ. ಮೊದಲ ವರ್ಷ ಸನ್ಮಾನಕ್ಕೆ, ಕೊನೆಯ ವರ್ಷ ಮುಂದಿನವರು ಯಾರು ಅನ್ನುವ ಗುಸುಗುಸುಗೆ ಹೋದರೆ ನಡುವೆ ಉಳಿಯುವುದು ಎರಡು. ಯಾವ ವಿಶ್ವವಿದ್ಯಾಲಯದಲ್ಲಾದರೂ ಇಷ್ಟೇ. ಎರಡು ವರ್ಷದಲ್ಲಿ ಮಾವಿನ ಗಿಡವೂ ಹಣ್ಣು ಬಿಡುವುದಿಲ್ಲ. ಹಾಗಂತ ಹದಿಮೂರು ವರ್ಷ ಯಾರನ್ನಾದರೂ ಕೂರಿಸಿಬಿಡಿ ಅನ್ನುವುದಕ್ಕೂ ಧೈರ್ಯ ಬರುವುದಿಲ್ಲ, ಬಿಡಿ. ಪ್ರತಿ ಸಲವೂ ಪಾವಟೆಯೇ ಬರುತ್ತಾರೆ ಅಂತ ಯಾರು ಬರೆದುಕೊಡುತ್ತಾರೆ?

ಕೆಲಸ ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಅವಳು ವಿಭಾಗದಲ್ಲಿ ಕಾಗದ ತೋರಿಸುವಾಗ ನಾನು ಹೊರಗೆ ಒಂದು ಮರದ ಕೆಳಗೆ ಕೊಡೆ ಹಿಡಿದು ನಿಂತೆ. ಪಕ್ಕದಲ್ಲಿ ಇನ್ನೊಬ್ಬ ಅಪ್ಪ ನಿಂತಿದ್ದರು. ಶಿರಸಿ ಕಡೆಯವರು, ಅಡಕೆ ಬೆಳೆಗಾರರು. ಮಗನನ್ನು ಬಿಡಲು ಬಂದಿದ್ದರು. ಮಾತಿನ ನಡುವೆ ಅವರು ಕೇಳಿದರು: "ಈಗ ಈ ಯುನಿವರ್ಸಿಟಿಗೆ ಯಾವ ಯಾವ ಜಿಲ್ಲೆ ಬತ್ತು ಮಾರಾಯ್ರೆ? ನಮ್ಮದು ಇದ್ದು, ಅದು ಗೊತ್ತಿದ್ದು."

ನಾನು ಬೆರಳು ಮಡಚಿ ಎಣಿಸಿದೆ. ಧಾರವಾಡ, ಗದಗ, ಉತ್ತರ ಕನ್ನಡ. ಮೂರಕ್ಕೆ ನಿಂತಿತು.

ಒಂದು ಕಾಲಕ್ಕೆ ಬೀದರ್‌ನಿಂದ ಕಾರವಾರದ ತನಕ ಈ ಮನೆಯದೇ ಜಮೀನು. ಈ ವಿಶ್ವವಿದ್ಯಾಲಯ ಹುಟ್ಟಿದ್ದು ಮುಂಬೈಯಲ್ಲಿ, 1949ರ ಅಕ್ಟೋಬರ್‌ನಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಬಾಣಂತನ ತವರಲ್ಲಿ ಮುಗಿಸಿಕೊಂಡು ಬಂದ ಹಾಗೆ. ಅಲ್ಲಿಯವರೆಗೆ ನಮ್ಮ ಕಡೆಯ ಹುಡುಗರೆಲ್ಲ ಬರೆಯುತ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯದ ಪರೀಕ್ಷೆ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಶುರುವಾಗಿದ್ದರೂ ಪದವಿ ಕೊಡುವ ಕೈ ಮುಂಬೈಯದೇ. 1956ರಲ್ಲಿ ಕನ್ನಡ ಮಾತನಾಡುವ ಸೀಮೆಗಳೆಲ್ಲ ಒಂದು ರಾಜ್ಯವಾದಾಗ ನಿಜಾಮನ ಸೀಮೆಯ ಕಾಲೇಜುಗಳೂ ಧಾರವಾಡಕ್ಕೇ ಬಂದವು. ಕಲಬುರಗಿಯ ಹುಡುಗನ ಪ್ರಮಾಣಪತ್ರದ ಮೇಲೂ ಬೆಳಗಾವಿಯ ಹುಡುಗಿಯ ಪ್ರಮಾಣಪತ್ರದ ಮೇಲೂ ಒಂದೇ ಮುದ್ರೆ, ಒಂದೇ ಮಾತು: ಅರಿವೇ ಗುರು.

ಆಮೇಲೆ ಹಿಸೆ ಶುರುವಾಯಿತು. 1970ರಲ್ಲಿ ಕಲಬುರಗಿಯಲ್ಲಿ ಒಂದು ಸ್ನಾತಕೋತ್ತರ ಕೇಂದ್ರ ತೆರೆದರು. 1980ರಲ್ಲಿ ಅದು ಬೇರೆ ವಿಶ್ವವಿದ್ಯಾಲಯವಾಯಿತು. 1996ರಲ್ಲಿ ವೈದ್ಯಕೀಯಕ್ಕೆಲ್ಲ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ಎಂಜಿನಿಯರಿಂಗ್‌ಗೆಲ್ಲ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2009ರಲ್ಲಿ ಕಾನೂನು ಕಾಲೇಜುಗಳಿಗೆ ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಆ ಕಡೆ ಹೋದವು. ಈಗ ನಮ್ಮ ಹಾವೇರಿ. ಬೇರೆಯಾದ ಮಕ್ಕಳ ಮನೆಯೂ ಮತ್ತೆ ಪಾಲಾಗಿದೆ. ಕಲಬುರಗಿಯಿಂದ ಬಳ್ಳಾರಿ, ರಾಯಚೂರು, ಬೀದರ್. ರಾಣಿ ಚನ್ನಮ್ಮದಿಂದ ಜಮಖಂಡಿಯಲ್ಲಿ ಕೂತಿರುವ ಬಾಗಲಕೋಟೆ ವಿಶ್ವವಿದ್ಯಾಲಯ. ಮರಿಮಕ್ಕಳ ತನಕ ಬಂತು ಲೆಕ್ಕ.

ಹಿಸೆ ಅಂದರೆ ನನಗೆ ಸುಮ್ನೆ ಪುಸ್ತಕದ ಮಾತಲ್ಲ. 1997ರಲ್ಲಿ ಧಾರವಾಡ ಜಿಲ್ಲೆ ಮೂರಾಯಿತು. ಧಾರವಾಡ, ಗದಗ, ಹಾವೇರಿ. ಮರುವರ್ಷ ನಮ್ಮ ಮನೆಯೂ ಮೂರಾಯಿತು. ಹನ್ನೊಂದು ಎಕರೆ, ಮೂವರು ಅಣ್ಣತಮ್ಮಂದಿರು. ಪಡಸಾಲೆಯ ನಡುವೆ ಒಂದು ಗೋಡೆ ಎದ್ದಿತು. ಗೋಡೆ ಎದ್ದ ಮೇಲೆ ಗೊತ್ತಾಯಿತು, ಬೆಳಕಿಂಡಿ ಇದ್ದದ್ದು ಒಂದೇ ಕಡೆ ಅಂತ. ಹೊಲ ಹಂಚಿಕೊಳ್ಳುವುದಕ್ಕೆ ಅರ್ಧ ದಿನ ಸಾಕಾಯಿತು. ಪಾತ್ರೆ ಪಗಡೆಗೆ ಒಂದು ದಿನ. ಹಂಚಲಾಗದೆ ಉಳಿದದ್ದು ಎರಡು. ಒಂದು ಬಾವಿ, ಇನ್ನೊಂದು ಅಪ್ಪ.

ಅಪ್ಪ ದೊಡ್ಡಣ್ಣನ ಪಾಲಿಗೆ ಬಂದರು. ಅವರ ಮಾತ್ರೆ, ಆಸ್ಪತ್ರೆ, ಮೊಣಕಾಲಿನ ಎಣ್ಣೆ ಎಲ್ಲವೂ ಹಿರಿಮನೆಯ ಖರ್ಚು. ನಾವಿಬ್ಬರೂ ಕೊಡುತ್ತೇವೆ ಅಂದಿದ್ದೆವು. ಎರಡು ವರ್ಷ ಕೊಟ್ಟೆವು ಕೂಡ. ಆಮೇಲೆ ಒಂದು ಸಲ ಮಳೆಯಿಲ್ಲ, ಒಂದು ಸಲ ಗೋವಿನಜೋಳಕ್ಕೆ ರೇಟಿಲ್ಲ. ದೊಡ್ಡಣ್ಣ ಕೇಳಲೂ ಇಲ್ಲ.

ಹಳೆಯ ವಿಶ್ವವಿದ್ಯಾಲಯಗಳ ಕಷ್ಟ ನನಗೆ ಅರ್ಥವಾಗುವುದು ಹೀಗೆ. ಕೂಡಿ ಇದ್ದಾಗ ದುಡಿದು ನಿವೃತ್ತರಾದವರ ಪಿಂಚಣಿ ಹಿರಿಮನೆಯ ಮೇಲೆ. ಆದಾಯ ಬರುತ್ತಿದ್ದದ್ದು ಎಲ್ಲಿಂದ? ಜಿಲ್ಲೆ ಜಿಲ್ಲೆಯ ಕಾಲೇಜುಗಳು ಕಟ್ಟುವ ಸಂಯೋಜನೆಯ ಶುಲ್ಕದಿಂದ, ಸಾವಿರಾರು ಹುಡುಗರು ಕಟ್ಟುವ ಪರೀಕ್ಷಾ ಫೀಯಿಂದ. ಜಿಲ್ಲೆ ಹೋದರೆ ಆ ಫೀಯೂ ಹೋಯಿತು. ಹೋಗದೆ ಉಳಿಯುವುದು ಅಪ್ಪನ ಮಾತ್ರೆ. ಪಿಂಚಣಿಗೆ ಸರ್ಕಾರದ ದುಡ್ಡು ಸಾಲದೆ, ಆಂತರಿಕ ಆದಾಯದಿಂದ ತುಂಬಿಸಿ ಅಂತ ಹೇಳಿಸಿಕೊಂಡು ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳು ಒದ್ದಾಡುತ್ತಿರುವುದು ಪೇಪರ್ ಓದುವ ಎಲ್ಲರಿಗೂ ಗೊತ್ತು. ಜಮೀನಿದೆ, ಹೆಸರಿದೆ, ಕೈಯಲ್ಲಿ ಕಾಸಿಲ್ಲ. ಹಿರಿಮನೆಯ ಯಜಮಾನನ ಪಾಡು ಯಾವಾಗಲೂ ಅಷ್ಟೇ ಅಲ್ವಾ?

ಹಾಗಾದರೆ ಬೇರೆಯಾದ ಮಕ್ಕಳು ಸುಖವಾಗಿದ್ದಾರಾ? ಅದೂ ಇಲ್ಲ. 2022-23ರ ಬಜೆಟ್ಟಿನಲ್ಲಿ ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬೀದರ್ ಅಂತ ಏಳು ಜಿಲ್ಲೆಗಳಿಗೆ ವಿಶ್ವವಿದ್ಯಾಲಯ ಘೋಷಿಸಿದರು. ಹೊಸ ಜಮೀನು ಬೇಡ, ಹೊಸ ಕಟ್ಟಡ ಬೇಡ, ಇದೊಂದು ಹೊಸ ಮಾದರಿ ಅಂದರು. ಕೇಳುವುದಕ್ಕೆ ಚೆನ್ನಾಗಿತ್ತು. ಜಮೀನು ಬೇಡ ಅಂದದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಜೊತೆಗೆ ಹೊಸ ಮೇಷ್ಟ್ರು ಬೇಕು ಅನ್ನುವ ಮಾತೂ ಬರಬೇಕಿತ್ತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಈ ಏಳೂ ಇನ್ನು ಮೂರೂ ಸೇರಿದ ಹೊಸ ಹತ್ತರಲ್ಲಿ ಒಂಬತ್ತನ್ನು ಮುಚ್ಚಿ ಹಳೆಯವಕ್ಕೆ ಸೇರಿಸುವ ಮಾತಾಡಿತು. ದುಡ್ಡಿಲ್ಲ ಅನ್ನುವುದೇ ಕಾರಣ. ಆ ಒಂಬತ್ತರಲ್ಲಿ ಹಾವೇರಿಯೂ ಇತ್ತು. ಹಾಲು ಕೊಡದೆ ಸಾಕಿದ ಕರುವನ್ನು ನೋಡಿ, ಇದು ಬಡಕಲಾಗಿದೆ, ಸಂತೆಗೆ ಹೊಡೆಯೋಣ ಅಂದ ಹಾಗೆ.

ಒಂದು ವಿಚಿತ್ರ ನೋಡಿ. 1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ಶುರುವಾದಾಗ ಅದು ಪಾಠ ಮಾಡುತ್ತಿರಲಿಲ್ಲ. ಲಂಡನ್ನಿನ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಅದರ ಕೆಲಸ. ಪಾಠ ಕಾಲೇಜುಗಳದ್ದು. ವಿಶ್ವವಿದ್ಯಾಲಯವೇ ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು ಅನ್ನುವ ಹಂಬಲದಿಂದ ಗುಡ್ಡದ ಮೇಲೆ ವಿಭಾಗ ಕಟ್ಟಿ, ಗಾರ್ಡನ್ ಬೆಳೆಸಿ, ಹಸ್ತಪ್ರತಿ ಕೂಡಿಸಿ ಅಷ್ಟು ವರ್ಷ ಕಷ್ಟಪಟ್ಟೆವು. ನಾನು ಓದುವಾಗ ಎಂ.ಎಂ. ಕಲಬುರ್ಗಿ ಅವರು ಕನ್ನಡ ಅಧ್ಯಯನ ಪೀಠದಲ್ಲಿದ್ದರು. ಶಾಸನದ ಒಂದು ಅಕ್ಷರಕ್ಕೆ ಇಡೀ ದಿನ ಕೊಡುವ ಜನ ಇರುತ್ತಾರೆ ಅಂತ ನನಗೆ ಗೊತ್ತಾದದ್ದು ಆ ಪೀಠದಿಂದ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅಂಥವರು ಇಲ್ಲಿ ಸಂಗೀತ ಹೇಳಿಕೊಟ್ಟಿದ್ದಾರೆ. ಈಗ ಖಾಯಂ ಮೇಷ್ಟ್ರಿಲ್ಲದೆ, ಕುಲಪತಿ, ಕುಲಸಚಿವರು, ಪರೀಕ್ಷಾ ವಿಭಾಗ, ಒಂದು ಬೋರ್ಡು ಇಷ್ಟನ್ನೇ ಜಿಲ್ಲೆಗೊಂದರಂತೆ ಹಂಚಿದರೆ ನಾವು ಮುಟ್ಟುವುದು ಮತ್ತೆ 1857ಕ್ಕೇ. ಪರೀಕ್ಷೆ ನಡೆಸುವ ಆಫೀಸಿಗೆ.

ಖಾಯಂ ಮೇಷ್ಟ್ರ ಮಾತು ಬಂದಾಗ ನನ್ನ ದನಿ ಸ್ವಲ್ಪ ಜೋರಾಗುತ್ತದೆ. ಕಾರಣ ಇದೆ. ಎಂ.ಎ. ಮುಗಿಸಿ ಹನ್ನೊಂದು ವರ್ಷ ನಾನು ಬೇರೆ ಬೇರೆ ಕಾಲೇಜುಗಳಲ್ಲಿ ಪಾಠ ಮಾಡಿದೆ. ಮೊದಲು ಪಾರ್ಟ್‌ಟೈಮ್ ಅಂದರು, ಆಮೇಲೆ ಅತಿಥಿ ಅಂದರು. ಅತಿಥಿ ಅಂದರೆ ತಿಥಿ ನೋಡದೆ ಬಂದವನು ಅಂತ ನಮ್ಮ ಸಂಸ್ಕೃತ ಮೇಷ್ಟ್ರು ಹೇಳುತ್ತಿದ್ದರು. ನಮಗೆ ತಿಥಿಯನ್ನು ಬರೆದೇ ಕೊಡುತ್ತಿದ್ದರು. ಬರುವ ದಿನ ಇಂಥದ್ದು, ಹೋಗುವ ದಿನ ಇಂಥದ್ದು. ನಡುವೆ ದೀಪಾವಳಿ ರಜೆ ಬಂದರೆ ಆ ದಿನಗಳಿಗೆ ಸಂಬಳವಿಲ್ಲ. ಒಂದು ಕಾಲೇಜಿನಲ್ಲಿ ಏಳು ತಿಂಗಳ ಸಂಬಳ ಒಟ್ಟಿಗೆ ಬಂತು. ಅಷ್ಟರಲ್ಲಿ ಅಂಗಡಿಯವನ ಬಾಕಿ ಅದಕ್ಕಿಂತ ಜಾಸ್ತಿಯಾಗಿತ್ತು. ಹನ್ನೆರಡನೆಯ ವರ್ಷ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ನಾನು ಊರಲ್ಲಿ ಗೊಬ್ಬರದ ಅಂಗಡಿ ತೆರೆದೆ. ಯೂರಿಯಾ ಚೀಲ ಎತ್ತುವಾಗ ಎಂ.ಎ. ನೆನಪಾಗುತ್ತದಾ ಅಂತ ಗೆಳೆಯರು ಕೇಳುತ್ತಾರೆ. ಆಗುತ್ತದೆ. ಬೆನ್ನು ನೋಯುವಾಗ ಜಾಸ್ತಿ.

2023ರ ಕೊನೆಗೆ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಪಾಠ ನಿಲ್ಲಿಸಿ ಬೀದಿಗೆ ಬಂದಾಗ ನಾನು ಅಂಗಡಿಯಲ್ಲಿ ಕೂತು ದಿನವೂ ಆ ಸುದ್ದಿ ಓದುತ್ತಿದ್ದೆ. ಹತ್ತು ಸಾವಿರಕ್ಕೂ ಜಾಸ್ತಿ ಜನ. ಗೌರವಧನವನ್ನು ಐದರಿಂದ ಎಂಟು ಸಾವಿರ ರೂಪಾಯಿಯಷ್ಟು ಜಾಸ್ತಿ ಮಾಡುತ್ತೇವೆ, ಅರವತ್ತಾದ ಮೇಲೆ ಐದು ಲಕ್ಷ ಇಡಿಗಂಟು ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ಅವರು ಕೇಳಿದ್ದು ಖಾಯಂ ಮಾಡಿ ಅಂತ. ಅದು ಸಿಗಲಿಲ್ಲ. ಗಮನಿಸಿ, ಆ ವಾರಗಳಲ್ಲಿ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಅಂದರೆ ಮನೆ ನಡೆಸುತ್ತಿದ್ದದ್ದೇ ಅತಿಥಿಗಳು. ಮನೆಯವರು ಅನ್ನಿಸಿಕೊಂಡವರು ಹೆಚ್ಚಿನವರು ನಿವೃತ್ತರಾಗಿ ಹೋಗಿದ್ದರು.

ಸೆಮಿಸ್ಟರ್ ಶುರುವಾಗುವಾಗ ಎಲ್ಲ ವಿಶ್ವವಿದ್ಯಾಲಯಗಳೂ ಪ್ರಗತಿಯ ಪಟ್ಟಿ ಓದುತ್ತವೆ. ಗುಣಮಟ್ಟ ಅಳೆಯುವ ನ್ಯಾಕ್ ಗ್ರೇಡು, ದೇಶದ ವಿದ್ಯಾಸಂಸ್ಥೆಗಳನ್ನು ಸಾಲಿಗಿಡುವ ಎನ್‌ಐಆರ್‌ಎಫ್ ರ‍್ಯಾಂಕು, ಇಷ್ಟು ಒಡಂಬಡಿಕೆ, ಅಷ್ಟು ಸ್ಮಾರ್ಟ್ ತರಗತಿ. ನಾನು ಅದನ್ನು ತಮಾಷೆ ಮಾಡುವುದಿಲ್ಲ. ಆ ಗ್ರೇಡು ನೋಡಿಯೇ ಅನುದಾನ ಬರುವುದು. ಆದರೆ ಅಪ್ಪಅಮ್ಮಂದಿರಿಗೆ ಬೇಕಾದ ಪಟ್ಟಿ ಚಿಕ್ಕದು. ಈ ಸೆಮಿಸ್ಟರಿನಲ್ಲಿ ನಮ್ಮ ಮಗುವಿಗೆ ಪಾಠ ಮಾಡುವವರು ಎಷ್ಟು ಜನ? ಅವರಲ್ಲಿ ಮುಂದಿನ ಸೆಮಿಸ್ಟರಿಗೂ ಇರುವವರು ಎಷ್ಟು? ಎರಡೇ ಸಾಲು. ಕುಲಪತಿಯವರ ಸ್ವಾಗತ ಭಾಷಣದಲ್ಲಿ ಈ ಎರಡು ಸಾಲು ಓದುವ ವಿಶ್ವವಿದ್ಯಾಲಯ ರಾಜ್ಯದಲ್ಲಿ ಯಾವುದಾದರೂ ಇದ್ದರೆ ಅಲ್ಲಿಗೆ ನಮ್ಮ ಮನೆಯ ಮುಂದಿನ ಹುಡುಗನನ್ನು ಕಳಿಸುತ್ತೇನೆ.

ಇಷ್ಟು ಓದಿದವರು, ಇವನಿಗೆ ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಡವಾಗಿದೆ ಅಂದುಕೊಳ್ಳಬಹುದು. ಹೊರಡುವ ಹಿಂದಿನ ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವತ್ತು ಸಂಜೆ ನಮ್ಮ ಹುಡುಗಿಯ ಗೆಳತಿ ಮನೆಗೆ ಬಂದಿದ್ದಳು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಇವಳಿಗಿಂತ ಅವಳದೇ ಜಾಸ್ತಿ ಮಾರ್ಕ್ಸು. ಅವಳ ಮನೆಯಲ್ಲಿ ಧಾರವಾಡಕ್ಕೆ ಕಳಿಸಲು ಒಪ್ಪಲಿಲ್ಲ. ಹಾಸ್ಟೆಲ್ ಅಂದರೆ ಅವಳ ಅಜ್ಜಿ ಊಟ ಬಿಡುತ್ತಾರಂತೆ. ಮುಂಜಾನೆ ಹೋಗಿ ಸಂಜೆ ಬರುವುದಾದರೆ ಮಾತ್ರ ಓದು. ಹಾಗಾಗಿ ಅವಳು ಹತ್ತಿರದ ವಿಶ್ವವಿದ್ಯಾಲಯದಲ್ಲಿ ಸೀಟು ತಗೊಂಡಳು, ಸಿಕ್ಕ ವಿಷಯಕ್ಕೆ.

"ಅದನ್ನ ಮುಚ್ಚತಾರಂತಲ್ರಿ ಮಾಮಾರ, ಖರೇನ್ರಿ?" ಅಂತ ನನ್ನನ್ನು ಕೇಳಿದಳು. ನನ್ನ ಕೈಯಲ್ಲಿ ಚಹದ ಕಪ್ಪು. ನಾನು ಚಹ ಕುಡಿದೆ.

ಒಬ್ಬಳಿಗೆ ದೂರ ಇದ್ದರೆ ಓದು, ಇನ್ನೊಬ್ಬಳಿಗೆ ಹತ್ತಿರ ಇದ್ದರೆ ಓದು. ಇಬ್ಬರೂ ಒಂದೇ ಬೆಂಚಿನವರು. ವಿಧಾನಸೌಧದಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಇಡುವ ಲೆಕ್ಕ ಹಾಕುವವರು ಈ ಬೆಂಚನ್ನು ನೋಡಿರಲಿಕ್ಕಿಲ್ಲ.

ನಮ್ಮ ಬಾವಿಯ ಕಥೆ ಅರ್ಧಕ್ಕೆ ನಿಂತಿತು. ಬಾವಿಯನ್ನು ಹಂಚಲು ಬರುವುದಿಲ್ಲವಲ್ಲ, ಹಾಗಾಗಿ ಪಾಳಿ ಮಾಡಿಕೊಂಡೆವು. ಎರಡು ದಿನ ದೊಡ್ಡಣ್ಣನಿಗೆ, ಎರಡು ದಿನ ನನಗೆ, ಎರಡು ದಿನ ತಮ್ಮನಿಗೆ, ಅಮಾವಾಸ್ಯೆಗೆ ಯಾರಿಗೂ ಇಲ್ಲ. ಮೋಟರ್ ಒಂದೇ, ರಿಪೇರಿ ಖರ್ಚು ಮೂರು ಪಾಲು. ಮೂವರೂ ಮಾತು ಬಿಟ್ಟ ವರ್ಷದಲ್ಲೂ ಪಾಳಿ ತಪ್ಪಲಿಲ್ಲ. ಹೂಳು ತೆಗೆಸುವ ದಿನ ಮೂರೂ ಮನೆಯವರು ಬಾವಿಯ ದಂಡೆಯ ಮೇಲೆ ಕೂತು ಒಟ್ಟಿಗೆ ಉಂಡದ್ದು ನನಗೆ ಇನ್ನೂ ನೆನಪಿದೆ. ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ತಮ್ಮ ತನ್ನ ಹೊಲದಲ್ಲಿ ಬೋರ್ ಹಾಕಿಸಿದ. ಅವನ ಬೋರಿಗೆ ಎರಡಿಂಚು ನೀರು ಬಿತ್ತು. ನಾನು ಸುಮ್ಮನಿರುತ್ತೇನಾ? ನಾನೂ ಹಾಕಿಸಿದೆ. ಮೂರನೆಯದು ಅಣ್ಣನದು. ಬಾವಿ ಬತ್ತಿತು. ಅದರ ಹಿಂದೆ ಬೋರುಗಳೂ ಒಂದೊಂದಾಗಿ.

ನನ್ನ ತಲೆಯಲ್ಲಿರುವುದು ಆ ನಾಲ್ಕು ವರ್ಷದ ಪಾಳಿ. ಮನೆ ಬೇರೆ ಇರಲಿ, ಬೋರ್ಡು ಬೇರೆ ಇರಲಿ, ಹತ್ತಿರದ ಹುಡುಗಿಯರು ಹತ್ತಿರದಲ್ಲೇ ಓದಲಿ. ಆದರೆ ಮೇಷ್ಟ್ರ ನೇಮಕ, ಲ್ಯಾಬು, ಲೈಬ್ರರಿ ಇವು ಬಾವಿಯ ನೀರು. ಗುಡ್ಡದ ಮೇಲಿನ ಸಸ್ಯಶಾಸ್ತ್ರದವರು ವಾರಕ್ಕೆರಡು ದಿನ ಹಾವೇರಿಗೆ ಬಂದು ಪಾಠ ಮಾಡಿದರೆ ಯಾರ ಗಂಟು ಹೋಗುತ್ತದೆ? ಹಾವೇರಿಯ ಹುಡುಗರು ತಿಂಗಳಿಗೊಂದು ವಾರ ಧಾರವಾಡದ ಲ್ಯಾಬಿನಲ್ಲಿ ಕೆಲಸ ಮಾಡಿ ಬಂದರೆ? ಒಂದೇ ಲೈಬ್ರರಿ ಕಾರ್ಡು ಎರಡೂ ಕಡೆ ನಡೆದರೆ? ಬಸ್ಸಂತೂ ಇದೆ. ಹುಡುಗಿಯರಿಗೆ ಚಾರ್ಜೂ ಇಲ್ಲ. ಆಡಳಿತ ಗೊತ್ತಿರುವವರು ಇದಕ್ಕೆ ಹತ್ತು ಅಡ್ಡಿ ಹೇಳುತ್ತಾರೆ, ನನಗೆ ಗೊತ್ತು. ಸೇವಾ ನಿಯಮ, ಸಂಬಳದ ಖಾತೆ, ಸಿಂಡಿಕೇಟ್ ಒಪ್ಪಿಗೆ. ಬಾವಿಯ ಪಾಳಿಗೂ ನಮ್ಮೂರ ಹಿರಿಯರು ಹತ್ತು ಅಡ್ಡಿ ಹೇಳಿದ್ದರು. ಗೊಬ್ಬರದ ಅಂಗಡಿಯವನ ಸಲಹೆ, ಬೇಕಾದರೆ ತಗೊಳ್ಳಿ.

ಮಧ್ಯಾಹ್ನ ಹುಡುಗಿ ಹೊರಗೆ ಬಂದಳು. ಮುಖ ಅರಳಿತ್ತು. ಗಾರ್ಡನ್ನಿನಲ್ಲಿ ಯಾವುದೋ ಮರಕ್ಕೆ ಹಾಕಿದ ಹೆಸರಿನ ಫಲಕ ಓದಿ ಬಂದಿದ್ದಳು. ಪುಸ್ತಕದಲ್ಲಿ ಚಿತ್ರ ಬರೆದು ಮಾರ್ಕ್ಸು ತಗೊಂಡಿದ್ದ ಗಿಡ, ಕಣ್ಣಿಂದ ನೋಡಿದ್ದು ಇದೇ ಮೊದಲು ಅಂದಳು. ಡಿಗ್ರಿ ಮೂರು ವರ್ಷ ಅವಳು ಓದಿದ ಕಡೆ ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದೇ ಅರ್ಧ ಪ್ರಾಕ್ಟಿಕಲ್ ಆಗಿತ್ತಂತೆ. ಹಾಸ್ಟೆಲಿನಲ್ಲಿ ಬ್ಯಾಗು ಇಟ್ಟೆವು. ಗಂಟು ಬಿಚ್ಚಿ ನೋಡಿದರೆ ಎರಡು ರೊಟ್ಟಿ ಮುರಿದಿದ್ದವು. ಅವನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು.

"ಹೋಗಿ ಬರ್ತೀನಿ ಯವ್ವಾ. ರವಿವಾರ ಫೋನ್ ಹಚ್ಚು."

"ರವಿವಾರ ಬ್ಯಾಡ ಮಾಮಾ. ಅವ್ವ ಮಗ್ಗಲಕ್ಕ ಕುಂತಿರ್ತಾಳ. ಸೋಮವಾರ ಹಚ್ಚತೀನಿ."

ಲೈನ್ ಬಜಾರಿನಲ್ಲಿ ಫೇಡೆ ಕೊಂಡು ಊರಿನ ಬಸ್ಸು ಹಿಡಿದೆ. ಹುಬ್ಬಳ್ಳಿಯಲ್ಲಿ ಒಬ್ಬ ಹತ್ತಿ ಪಕ್ಕಕ್ಕೆ ಕೂತ. ನೋಡಿದರೆ ನನ್ನ ಹಳೆಯ ಶಿಷ್ಯ. ಅತಿಥಿಯಾಗಿದ್ದ ಕೊನೆಯ ವರ್ಷ ನಾನು ಪಾಠ ಮಾಡಿದ ಬ್ಯಾಚಿನವನು. ತಲೆಗೂದಲು ಅರ್ಧ ಬಿಳಿ. ಕಾಲೇಜು ಮೇಷ್ಟ್ರಾಗಲು ಬೇಕಾದ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿದೆ, ಪಿಎಚ್.ಡಿ. ಆಗಿದೆ. ಅತಿಥಿ ಉಪನ್ಯಾಸಕ. ಎರಡು ಜಿಲ್ಲೆಯಲ್ಲಿ ಎರಡು ಕಡೆ ಅರ್ಜಿ ಹಾಕಿದ್ದಾನೆ.

"ತರಗತಿ ಚಾಲೂ ಆಗ್ಯಾವೇನೋ?"

"ಚಾಲೂ ಆಗ್ಯಾವ್ರೀ ಸರ್. ಆರ್ಡರ್ ಇನ್ನೂ ಬಂದಿಲ್ರಿ. ಮೌಖಿಕ ಹೇಳ್ಯಾರ, ಬಂದು ಪಾಠ ಮಾಡ್ರಿ ಅಂತ."

"ಮಾಡಾಕತ್ತೀಯೇನು?"

"ಹುಡುಗ್ರು ಬಂದು ಕುಂತಿರ್ತಾರಲ್ರೀ ಸರ್."

ಅವನ ಬ್ಯಾಗಿನಿಂದ ಒಂದು ಹಳೆಯ ನೋಟ್‌ಬುಕ್ ಇಣುಕುತ್ತಿತ್ತು. ನಾನು ಕೇಳದೆಯೇ ತೆಗೆದು ನೋಡಿದೆ. ಮರುದಿನದ ಪಾಠಕ್ಕೆ ಬರೆದುಕೊಂಡ ಟಿಪ್ಪಣಿ. ಸಿಲಬಸ್ ಬದಲಾದ್ದರಿಂದ ಒಂದೇ ವಿಷಯಕ್ಕೆ ಎರಡು ಪಾಠ. ಎಡಗಡೆ ಹಳೆಯದು ನೀಲಿ ಶಾಯಿಯಲ್ಲಿ, ಬಲಗಡೆ ಹೊಸದು ಕೆಂಪಿನಲ್ಲಿ. ನನಗಿಂತ ಅಕ್ಷರ ಚೆನ್ನಾಗಿದೆ.

ಶಿಗ್ಗಾಂವಿಯಲ್ಲಿ ಅವನು ಇಳಿದ. ಮಳೆ ಜೋರಾಗಿತ್ತು, ಕೊಡೆ ಇರಲಿಲ್ಲ. ನೋಟ್‌ಬುಕ್ಕನ್ನು ಅಂಗಿಯೊಳಗೆ ಸೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಬಸ್ಸು ಹೊರಟ ಮೇಲೆ ನೋಡಿಕೊಂಡೆ, ಅವನಿಗೆ ಕೊಡಬೇಕೆಂದು ತೆಗೆದಿದ್ದ ಫೇಡೆಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು.